ಲಂಡನ್ ಮನೆಗಳಲ್ಲಿ ಕಾರ್ಕಳದ ‘ಅಂಕಲ್ ಪೈ’

ಲಂಡನ್: ಊರಿಗೆ ಹೋಗಿ ಬರುವ ಲಂಡನ್ ಕನ್ನಡಿಗರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಜತೆ ಮಕ್ಕಳಿಗೆಂದು ಬರುವ ಇನ್ನೊಂದು ವಸ್ತು ‘ಅಮರ ಚಿತ್ರ ಕಥೆ’. ಹ್ಯಾರೋ, ಹೌನ್ಸ್‌ಲೋ, ಕ್ರಾಯ್ಡನ್‌ನಲ್ಲಿ ಬೆಳೆಯುವ ಮಕ್ಕಳು ಭೀಮ, ಹನುಮಂತರ ಮುಖ ನೋಡುವುದು ಇದರ ಪುಟಗಳಲ್ಲೇ. ಆದರೆ ಇದನ್ನು ಬೆಳೆಸಿದ ಸಂಪಾದಕ ಅನಂತ ಪೈ ನಮ್ಮ ಕಾರ್ಕಳದವರೆಂಬುದು ಎಷ್ಟು ಮಕ್ಕಳಿಗೆ ಗೊತ್ತು?

1929ರ ಸೆಪ್ಟೆಂಬರ್ 17ರಂದು ಹುಟ್ಟಿದ ಪೈ ಎರಡನೇ ವಯಸ್ಸಿಗೇ ತಂದೆತಾಯಿಯನ್ನು ಕಳೆದುಕೊಂಡರು. 12ನೇ ವಯಸ್ಸಿಗೆ ಮುಂಬೈ ಸೇರಿದರು. ಓದಿದ್ದು ರಸಾಯನಶಾಸ್ತ್ರ, ಒಲಿದದ್ದು ಪುಸ್ತಕ ಪ್ರಕಟಣೆ. ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿದ್ದಾಗ, 1964ರಲ್ಲಿ ಆರಂಭವಾದ ‘ಇಂದ್ರಜಾಲ ಕಾಮಿಕ್ಸ್’ ಕೆಲಸದಲ್ಲಿ ತೊಡಗಿದರು. 1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿವಿಯಲ್ಲಿ ರಸಪ್ರಶ್ನೆ ನೋಡುತ್ತಿದ್ದರು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದರು. ಆ ಕಳವಳವೇ ಅವರ ವೃತ್ತಿಯನ್ನು ಬದಲಿಸಿತು.

ಇಂಥದ್ದೇ ಕಳವಳದಿಂದ ಲಂಡನ್‌ನಲ್ಲೂ ಒಂದು ಪತ್ರಿಕೆ ಹುಟ್ಟಿತ್ತು. ಅಮೆರಿಕದ ಭಯಾನಕ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದು ನೊಂದ ಪಾದ್ರಿ ಮಾರ್ಕಸ್ ಮಾರಿಸ್, ಇಲ್ಲಿನ ಹಲ್ಟನ್ ಪ್ರೆಸ್ ಮೂಲಕ 1950ರ ಏಪ್ರಿಲ್ 14ರಂದು ‘ಈಗಲ್’ ಹೊರತಂದರು. ಇಬ್ಬರೂ ಮಕ್ಕಳಿಂದ ಕಾಮಿಕ್ಸ್ ಕಿತ್ತುಕೊಳ್ಳಲಿಲ್ಲ. ಒಳ್ಳೆಯದನ್ನು ಮಾಡಿ ಕೈಗಿತ್ತರು.

ನಮಗೆ ಹೆಮ್ಮೆಯ ಇನ್ನೊಂದು ಸಂಗತಿಯಿದೆ. ‘ಅಮರ ಚಿತ್ರ ಕಥೆ’ ಮೊದಲು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳು ಕನ್ನಡಕ್ಕೆ ಬಂದವು. ಹಾಗಾಗಿಯೇ ಪೈ ಅವರ ‘ಕೃಷ್ಣ’ನಿಗೆ ಸರಣಿಯಲ್ಲಿ ಸಿಕ್ಕಿದ್ದು 11ನೇ ಸಂಖ್ಯೆ.

1980ರಲ್ಲಿ ಪೈ ‘ಟಿಂಕಲ್’ ಶುರುಮಾಡಿದರು. ಓದುಗರಾದ ಮಕ್ಕಳು ಪತ್ರ ಬರೆದರು, ಕಥೆ ಕಳಿಸಿದರು. ಸಂಪಾದಕರು ಎಲ್ಲರಿಗೂ ‘ಅಂಕಲ್ ಪೈ’ ಆದರು. ನಗೆಯುಕ್ಕಿಸುವ ಸುಪ್ಪಾಂಡಿ ಮೂಡಿದ್ದೂ ಓದುಗರೊಬ್ಬರು ಕಳಿಸಿದ ಕಥೆಯಿಂದಲೇ. 2011ರ ಫೆಬ್ರವರಿ 24ರಂದು ಮುಂಬೈನಲ್ಲಿ ಅವರು ನಿಧನರಾದರು.

ಇಲ್ಲಿನ ನಮ್ಮ ಮಕ್ಕಳು ಇಂದು ಈ ಕಥೆಗಳನ್ನು ಓದುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ರಾಮನ ತಾಯಿ ಯಾರೆಂದು ಕೇಳಿದರೆ ಉತ್ತರ ಹೇಳಿಯಾರು. ಆದರೆ ಊರಿನ ಅಜ್ಜಿಗೆ ಆ ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲರೇ? ಮುಂದಿನ ಬಾರಿ ಊರಿಗೆ ಹೋದಾಗ ಕನ್ನಡದ್ದೇ ಒಂದೆರಡು ಪುಸ್ತಕ ಹುಡುಕಿ ತನ್ನಿ. ಅಕ್ಷರ ತಡವರಿಸಿದರೂ ಚಿತ್ರ ಕೈಹಿಡಿದು ನಡೆಸುತ್ತದೆ.