ಲಿಫ್ಟಿನ ಆಯಿಲ್‌ನಲ್ಲಿ ಗಾಳಿ ಸೇರಿದರೆ

ಟ್ರಾಕ್ಟರಿನ ಹೈಡ್ರಾಲಿಕ್ ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ ಲಿವರ್ ಎಳೆದರೆ ಲಿಫ್ಟ್ ಕೆಲವೊಮ್ಮೆ ತಡೆದು ತಡೆದು ಏಳುತ್ತದೆ, ಪಂಪು ಗುರುಗುಟ್ಟುತ್ತದೆ. ಪಂಪೇ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಬಹಳ ಸಲ ಇದಕ್ಕೆ ಕಾರಣ, ಬಿಚ್ಚಿ ಜೋಡಿಸುವಾಗ ಒಳಗೆ ಸೇರಿಕೊಂಡ ಗಾಳಿ.

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ವಿವರಿಸಿದ ಈ ನಿಯಮವೇ ಲಿಫ್ಟಿಗೆ ಆಧಾರ. 150 ಬಾರ್ ಒತ್ತಡದಲ್ಲಿ ಆಯಿಲ್ ಕುಗ್ಗುವುದು ಸುಮಾರು ಶೇ. 1ರಷ್ಟು ಮಾತ್ರ. ಅದೇ ಒತ್ತಡಕ್ಕೆ ಗಾಳಿಯ ಗುಳ್ಳೆ ಹೆಚ್ಚುಕಡಿಮೆ ನೂರೈವತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಭಾರ ಎತ್ತಬೇಕಾದ ಪಂಪು ಮೊದಲು ಗುಳ್ಳೆಗಳನ್ನು ಹಿಂಡಬೇಕಾಗುತ್ತದೆ; ಲಿಫ್ಟ್ ಮುಗ್ಗರಿಸುವುದು ಇದರಿಂದಲೇ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವಂತೆ, ಥಟ್ಟನೆ ಕುಗ್ಗಿದ ಗುಳ್ಳೆಯೂ ವಿಪರೀತ ಕಾಯುತ್ತದೆ. ಸುತ್ತಲಿನ ಆಯಿಲ್ ಸುಟ್ಟು ಕಪ್ಪಾಗುತ್ತದೆ, ಪಂಪಿನ ಲೋಹ ಸವೆಯುತ್ತದೆ.

ಗಾಳಿ ಹೊರಹೋಗುವುದು ಸಾಮಾನ್ಯವಾಗಿ ಟ್ಯಾಂಕಿನ ಮೂಲಕ. ಮರಳಿ ಬಂದ ಆಯಿಲ್ ಅಲ್ಲಿ ತುಸು ನಿಂತರೆ ಗುಳ್ಳೆಗಳು ಮೇಲೇಳುತ್ತವೆ. ಆದ್ದರಿಂದ ಕಂಪನಿ ಹೇಳಿದ ದರ್ಜೆಯ ಆಯಿಲನ್ನು ಗುರುತಿನವರೆಗೆ ತುಂಬಿ, ಎಂಜಿನ್ನನ್ನು ಐಡಲ್‌ನಲ್ಲಿ ಬಿಟ್ಟು, ಭಾರವಿಲ್ಲದೆ ಲಿಫ್ಟನ್ನು ಹಲವು ಸಲ ನಿಧಾನವಾಗಿ ಪೂರ್ತಿ ಎತ್ತಿ ಇಳಿಸಬೇಕು. ಪವರ್ ಸ್ಟೀರಿಂಗಿನಲ್ಲೂ ಗಾಳಿ ಸೇರಿದ್ದರೆ ಸ್ಟೀರಿಂಗನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಬೇಕು. ಆಕ್ಸಿಲರೇಟರ್ ಒತ್ತಿದರೆ ಆಯಿಲ್ ಕಡೆದಂತಾಗಿ ನೊರೆ ಹೆಚ್ಚುತ್ತದೆ. ಗಾಳಿ ಬಿಟ್ಟ ಜಾಗವನ್ನು ಆಯಿಲ್ ತುಂಬುವುದರಿಂದ ಮಟ್ಟ ಇಳಿದಿರುತ್ತದೆ; ಲಿಫ್ಟ್ ಕೆಳಗಿಳಿಸಿ, ಎಂಜಿನ್ ನಿಲ್ಲಿಸಿ ಮತ್ತೆ ನೋಡಿ.

ಗುರುಗುಟ್ಟುವುದು ನಿಲ್ಲದಿದ್ದರೆ ಪಂಪಿಗೆ ಆಯಿಲ್ ಎಳೆಯುವ ಪೈಪನ್ನು ಪರೀಕ್ಷಿಸಿ. ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಹರಿದ ಓ-ರಿಂಗ್ ಅಥವಾ ಸಡಿಲ ಕ್ಲಿಪ್ಪಿನಿಂದ ಒಂದು ಹನಿಯೂ ಸೋರದೆ ಗಾಳಿ ಒಳನುಗ್ಗಬಹುದು. ಆಯಿಲ್ ಹಾಲಿನಂತೆ ಕಂಡರೆ ಗಾಜಿನ ಲೋಟದಲ್ಲಿಡಿ: ಸ್ವಲ್ಪ ಹೊತ್ತಿನಲ್ಲಿ ತಿಳಿಯಾದರೆ ಗಾಳಿ, ಬೆಳ್ಳಗೇ ಉಳಿದರೆ ನೀರು ಸೇರಿರುವ ಸಾಧ್ಯತೆ ಹೆಚ್ಚು.

ಒತ್ತಡವಿರುವಾಗ ಯಾವ ನಟ್ಟನ್ನೂ ಸಡಿಲಿಸಬೇಡಿ, ಎತ್ತಿದ ಉಪಕರಣದ ಕೆಳಗೆ ಹೋಗಬೇಡಿ. ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡು ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಹೊಕ್ಕಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ.