ಗಣಕ ಕಡತಗಳ ಪ್ರತಿಗಳನ್ನು ಬೇರೆ ಬೇರೆ ನೆಲೆಗಳಲ್ಲಿ ಇಡುವ ಕ್ರಮ

ಹಗೇವುಗಳು ಬಳಕೆಯಲ್ಲಿದ್ದ ಕಾಲದಲ್ಲಿ ಬಿತ್ತನೆಯ ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬುವ ರೈತನು ನಮ್ಮ ಸೀಮೆಯಲ್ಲಿ ವಿರಳನಾಗಿದ್ದನು. ಹಗೇವಿಗೆ ನೀರಿಳಿದರೆ ಜೋಳವು ಮುಗ್ಗಿ ಹೋಗುವುದೆಂಬುದನ್ನು ಬಲ್ಲವನಾದುದರಿಂದ, ಬೀಜದ ಒಂದು ಪಾಲನ್ನು ಬೂದಿ ಬೆರೆಸಿ ಮನೆಯ ಗಡಿಗೆಗಳಲ್ಲಿಯೂ, ಸಾಧ್ಯವಾದರೆ ಇನ್ನೊಂದು ಪಾಲನ್ನು ನೆಂಟರ ಮನೆಯಲ್ಲಿಯೂ ಇರಿಸುತ್ತಿದ್ದನು. ಕಣಿಕೆಯ ಬಣವೆಗಳ ನಡುವೆ ಇಂದಿಗೂ ಅಂತರ ಬಿಡುವುದು ಬೆಂಕಿಯ ಭಯದಿಂದಲೇ. ಇಷ್ಟು ದೂರದೃಷ್ಟಿಯುಳ್ಳ ನಮ್ಮ ಹಿಡುವಳಿದಾರರು, ತಮ್ಮ ಜಮೀನು, ಬೆಳೆ ಮತ್ತು ಹಣಕ್ಕೆ ಸಂಬಂಧಿಸಿದ ಬರಹಗಳನ್ನೂ ಚಿತ್ರಗಳನ್ನೂ ಇಂದು ಒಂದೇ ಒಂದು ಮೊಬೈಲು ಫೋನಿನಲ್ಲಿ ಇರಿಸಿ ನಿಶ್ಚಿಂತರಾಗಿರುವುದು ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಸಂಚರಿಸುವಾಗ ಎಲ್ಲೆಡೆಯೂ ಕಂಡುಬರುತ್ತದೆ. ಈ ವಿಷಯವಾಗಿ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗುವುದು.

ಮೊದಲು, ಯಾವ ದಾಖಲೆಯ ವಿಷಯದಲ್ಲಿ ಚಿಂತೆ ಅನಾವಶ್ಯಕವೆಂಬುದನ್ನು ಹೇಳುವುದು ಒಳ್ಳೆಯದು. 1956ನೆಯ ಇಸವಿ ನವೆಂಬರ್ 1ರವರೆಗೆ ನಮ್ಮ ಮೂರು ತಾಲ್ಲೂಕುಗಳೂ ಹೈದರಾಬಾದು ರಾಜ್ಯಕ್ಕೆ ಸೇರಿದ್ದುದರಿಂದ ಹಳೆಯ ಕಾಗದಗಳಲ್ಲಿ ಅನೇಕವು ಉರ್ದು ಭಾಷೆಯಲ್ಲಿರುವುವು. ತರುವಾಯದ ಪಹಣಿಗಳು ಬಹುಕಾಲ ಕೈಬರಹದಲ್ಲಿಯೇ ಇದ್ದುವು. ಅಂದು ಗ್ರಾಮದ ದಫ್ತರವು ಗೆದ್ದಲಿಗೆ ಆಹಾರವಾದರೆ ಅದಕ್ಕೆ ಬೇರೆ ಆಧಾರವು ಸುಲಭವಾಗಿ ದೊರೆಯುತ್ತಿರಲಿಲ್ಲ. 2000ನೆಯ ಇಸವಿಯ ಸುಮಾರಿಗೆ ಕರ್ನಾಟಕ ಸರ್ಕಾರವು "ಭೂಮಿ" ಎಂಬ ಯೋಜನೆಯನ್ನು ಕೈಕೊಂಡು, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. 2024ರಿಂದ ಕಂದಾಯ ಇಲಾಖೆಯು "ಭೂ ಸುರಕ್ಷಾ" ಎಂಬ ಹೆಸರಿನಲ್ಲಿ ತಾಲ್ಲೂಕು ಕಛೇರಿಗಳ ದಾಖಲೆ ಕೋಣೆಗಳಲ್ಲಿರುವ ಹಳೆಯ ಕಾಗದಗಳ ಪ್ರತಿಬಿಂಬಗಳನ್ನು ತೆಗೆಯಿಸುವ ಕಾರ್ಯವನ್ನೂ ನಡೆಸಿದೆ. ಆದುದರಿಂದ ಪಹಣಿಯ ಪ್ರತಿಯು ಕಳೆದುಹೋದರೆ ನಾಡ ಕಛೇರಿಯಲ್ಲಿ ಮತ್ತೊಂದನ್ನು ಪಡೆಯಬಹುದು. ಪಹಣಿಯನ್ನು ಹತ್ತು ಬಾರಿ ಝೆರಾಕ್ಸು ಮಾಡಿಸಿ ಟ್ರಂಕಿನಲ್ಲಿ ತುಂಬುವವರು ಆ ಶ್ರಮವನ್ನು ಬೇರೆಡೆಗೆ ತಿರುಗಿಸುವುದು ಲೇಸು.

ಸರ್ಕಾರದ ಬಳಿ ಇಲ್ಲದೆ ತಮ್ಮಲ್ಲಿ ಮಾತ್ರ ಇರುವಂಥವೇ ನಿಜವಾಗಿ ಅಪಾಯದಲ್ಲಿರುವ ದಾಖಲೆಗಳು. ಆಲಿಕಲ್ಲಿನ ಮಳೆಯಿಂದ ಬೆಳೆಯು ಹಾಳಾದ ದಿನ ಹೊಲದಲ್ಲಿ ನಿಂತು ತೆಗೆದ ಚಿತ್ರಗಳು. ಬೀಜ ಗೊಬ್ಬರಗಳನ್ನು ಕೊಂಡ ರಸೀತಿಗಳು. ತೊಗರಿಯನ್ನು ಖರೀದಿ ಕೇಂದ್ರಕ್ಕೆ ಒಪ್ಪಿಸಿದಾಗಿನ ಮತ್ತು ಕಬ್ಬನ್ನು ಕಾರ್ಖಾನೆಗೆ ಸಾಗಿಸಿದಾಗಿನ ತೂಕದ ಚೀಟಿಗಳು. ಮಣ್ಣು ಪರೀಕ್ಷೆಯ ಫಲಿತಾಂಶಗಳು. ಕೊಳವೆ ಬಾವಿಯನ್ನು ಎಷ್ಟು ಅಡಿ ಕೊರೆಯಲಾಯಿತು, ಎಲ್ಲಿ ನೀರು ಸಿಕ್ಕಿತು ಎಂಬ ಟಿಪ್ಪಣಿ. ಅಣ್ಣತಮ್ಮಂದಿರು ಹಿರಿಯರ ಸಮಕ್ಷಮದಲ್ಲಿ ಬರೆದುಕೊಂಡ ಪಾಲುಪಟ್ಟಿ. ಕೂಲಿಯವರಿಗೂ ಪಾಲುಗಾರರಿಗೂ ಕೊಟ್ಟ ಮುಂಗಡದ ಲೆಕ್ಕ. ಇವುಗಳಲ್ಲಿ ತೂಕದ ಚೀಟಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅವುಗಳಲ್ಲಿ ಬಹಳವು ಶಾಯಿಯಿಂದಲ್ಲ, ಶಾಖದಿಂದ ಮೂಡಿಸಿದ ಅಕ್ಷರಗಳುಳ್ಳವಾದುದರಿಂದ, ಬಿಸಿಲಿಗೂ ಬೆವರಿಗೂ ಸಿಕ್ಕಿದಲ್ಲಿ ಕೆಲವೇ ತಿಂಗಳುಗಳಲ್ಲಿ ಬರೀ ಬಿಳಿಯ ಕಾಗದವಾಗಿಬಿಡುವುವು. ಚೀಟಿಯು ಕೈಗೆ ಬಂದ ದಿನವೇ ಅದರ ಚಿತ್ರವನ್ನು ತೆಗೆಯತಕ್ಕದ್ದು.

ಬೆಳೆ ವಿಮೆಯ ವಿಷಯದಲ್ಲಿ ಇದರ ಮಹತ್ವವು ಇನ್ನೂ ಹೆಚ್ಚು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಮಳೆ ಮುಂತಾದ ಸ್ಥಳೀಯ ವಿಪತ್ತುಗಳಿಂದಾಗಲಿ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಫಸಲಿಗೆ ಅಕಾಲದ ಮಳೆ ಬಿದ್ದುದರಿಂದಾಗಲಿ ನಷ್ಟವುಂಟಾದರೆ, 72 ಗಂಟೆಗಳೊಳಗಾಗಿ ವರ್ತಮಾನ ಕೊಡಬೇಕಾಗಿರುವುದು. ವರ್ತಮಾನ ಕೊಟ್ಟೊಡನೆ ಕೆಲಸವು ಮುಗಿಯಲಿಲ್ಲ. ಪರಿಶೀಲನೆ, ಆಕ್ಷೇಪಣೆ, ಮರುಪರಿಶೀಲನೆಗಳು ತಿಂಗಳುಗಟ್ಟಲೆ ಸಾಗುವುದುಂಟು. ಅಷ್ಟರಲ್ಲಿ ಫೋನು ಒಡೆದು ಚಿತ್ರಗಳು ಹೋದರೆ, ನೆಲವನ್ನು ಹರಗಿ ಮುಂದಿನ ಬಿತ್ತನೆ ಮಾಡಿಯಾದ ಮೇಲೆ ನಷ್ಟವನ್ನು ತೋರಿಸಲು ರೈತನ ಕೈಯಲ್ಲಿ ಏನೂ ಉಳಿಯದು. 2022–23ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆರೋಗವು ತಗುಲಿ ಹೊಲ ಹೊಲವೇ ಒಣಗಿದುದನ್ನು ಯಾರೂ ಮರೆತಿಲ್ಲ. ಆದರೆ ತಮ್ಮ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಒಣಗಿತೆಂಬುದಕ್ಕೆ ಅಂದಿನ ಚಿತ್ರಗಳನ್ನು ಇಂದು ತೋರಿಸಬಲ್ಲವರು ಎಷ್ಟು ಮಂದಿ ಇರುವರೋ ವಾಚಕರೇ ಎಣಿಸಿಕೊಳ್ಳಲಿ. ಈ ಚಿತ್ರಗಳು ಮುಂದಿನ ವರ್ಷ ಯಾವ ಹೊಲದಲ್ಲಿ ತೊಗರಿಯನ್ನು ಬದಲಿಸಿ ಜೋಳ ಬಿತ್ತಬೇಕೆಂಬುದನ್ನು ನಿಶ್ಚಯಿಸುವುದಕ್ಕೂ ಉಪಯುಕ್ತವಾಗುವುವು.

ಫೋನು ಹಾಳಾಗುವ ಬಗೆಗಳನ್ನು ಹೇಳಬೇಕಾದುದಿಲ್ಲ. ಬಾವಿಗೆ ಬೀಳುವುದು, ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕುವುದು, ಜಾತ್ರೆಯಲ್ಲಿ ಕಳವಾಗುವುದು ಇವೆಲ್ಲ ನಿತ್ಯದ ಸಂಗತಿಗಳು. ಆದರೆ ಒಂದು ಮನೆಯನ್ನಲ್ಲ, ಇಡೀ ಊರನ್ನೇ ಏಕಕಾಲಕ್ಕೆ ಹಿಡಿಯುವ ವಿಪತ್ತನ್ನು ಕುರಿತು ಯೋಚಿಸುವುದು ಅಗತ್ಯ. 2020ನೆಯ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಯು ಉಕ್ಕಿ, ಸೊನ್ನ ಬ್ಯಾರೇಜಿನ ಕೆಳಗೂ ಮೇಲೂ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದೀತೀರದ ಗ್ರಾಮಗಳಿಗೆ ನೀರು ನುಗ್ಗಿತು. ಜನರು ಉಟ್ಟ ಬಟ್ಟೆಯಲ್ಲಿ ಕಾಳಜಿ ಕೇಂದ್ರಗಳಿಗೆ ಹೋಗಬೇಕಾಯಿತು. ಅಂಥ ಸಮಯದಲ್ಲಿ ಮೂಲ ಕಾಗದವು ಟ್ರಂಕಿನಲ್ಲಿ, ಅದರ ಝೆರಾಕ್ಸು ಗೂಡಿನಲ್ಲಿ, ಪೆನ್ ಡ್ರೈವು ಮೇಜಿನ ಖಾನೆಯಲ್ಲಿ ಇದ್ದರೆ, ಮೂರು ಪ್ರತಿಗಳಿದ್ದರೂ ನೀರಿಗೆ ಅವು ಒಂದೇ ಪ್ರತಿ. ಆಳಂದ ತಾಲ್ಲೂಕಿನ ಎತ್ತರದ ಪ್ರದೇಶದವರಿಗೆ ಭೀಮೆಯ ಭಯವಿಲ್ಲದಿದ್ದರೂ ಬೆಂಕಿ, ಸಿಡಿಲು, ಕಳವುಗಳ ಭಯವು ಎಲ್ಲರಿಗೂ ಸಮಾನ.

ಈ ತತ್ವವನ್ನು ಬೀಜದ ವಿಷಯದಲ್ಲಿ ಜಗತ್ತಿನ ವಿಜ್ಞಾನಿಗಳು ಹೇಗೆ ಅನುಸರಿಸಿರುವರೆಂಬುದು ವ್ಯವಸಾಯಗಾರರಿಗೆ ಸ್ವಾರಸ್ಯಕರವಾಗಿರುವುದು. ಉತ್ತರ ಧ್ರುವಕ್ಕೆ ಸಮೀಪವಾದ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ, ಸದಾ ಹೆಪ್ಪುಗಟ್ಟಿರುವ ಗುಡ್ಡವನ್ನು ಕೊರೆದು 2008ರಲ್ಲಿ ಒಂದು ಬೀಜಭಂಡಾರವನ್ನು ಸ್ಥಾಪಿಸಲಾಯಿತು. ನಾನಾ ದೇಶಗಳ ಸಂಸ್ಥೆಗಳು ತಮ್ಮಲ್ಲಿರುವ ಬೀಜಗಳ ಎರಡನೆಯ ಪ್ರತಿಯನ್ನು ಅಲ್ಲಿ ಇರಿಸುವುವು. 12 ಲಕ್ಷಕ್ಕೂ ಮಿಕ್ಕಿದ ಮಾದರಿಗಳು ಅಲ್ಲಿ ಸೇರಿವೆ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ಕಾಪಾಡಿಕೊಂಡು ಬಂದಿರುವ ಜೋಳ, ತೊಗರಿ ಮುಂತಾದ ನಮ್ಮ ಬೆಳೆಗಳ ಬೀಜಗಳೂ ಅಲ್ಲಿಗೆ ಹೋಗಿವೆ. ಸಿರಿಯಾ ದೇಶದ ಅಲೆಪ್ಪೊ ನಗರದ ಬಳಿ ಇಕಾರ್ಡಾ ಎಂಬ ಸಂಸ್ಥೆಯ ಬೀಜಸಂಗ್ರಹವಿದ್ದಿತು. ಅಂತರ್ಯುದ್ಧದ ದೆಸೆಯಿಂದ ಆ ಸಂಗ್ರಹವು ಕೈಗೆಟುಕದಂತಾಗಲು, 2015ರಲ್ಲಿ ಸ್ವಾಲ್ಬಾರ್ಡಿನಿಂದ ತನ್ನ ಪ್ರತಿಬೀಜಗಳನ್ನು ಮರಳಿ ತರಿಸಿಕೊಂಡು ಲೆಬನಾನ್ ಮತ್ತು ಮೊರಾಕೊ ದೇಶಗಳಲ್ಲಿ ಬಿತ್ತಿ, ಆ ಸಂಸ್ಥೆಯು ಸಂಗ್ರಹವನ್ನು ಪುನಃ ಕಟ್ಟಿಕೊಂಡಿತು. ಎರಡನೆಯ ಪ್ರತಿಯು ಅಲೆಪ್ಪೊದಲ್ಲಿಯೇ ಬೇರೊಂದು ಕಟ್ಟಡದಲ್ಲಿದ್ದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಗಣಕ ಕಡತಗಳಿಗೆ ಇದೇ ನಿಯಮವನ್ನು ಹೀಗೆ ಹೇಳುವರು: ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಊರಿನಲ್ಲಿರಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ಈ ಸೂತ್ರವನ್ನು ಪ್ರಚಾರಕ್ಕೆ ತಂದರು. ನಮ್ಮ ರೈತನಿಗೆ ಇದರ ಅರ್ಥವೇನೆಂದರೆ, ಒಂದು ಪ್ರತಿಯು ಅವನ ಫೋನಿನಲ್ಲಿರಲಿ. ಎರಡನೆಯದು ಪೆನ್ ಡ್ರೈವಿನಲ್ಲಿರಲಿ. ಮೂರನೆಯದು ಅಂತರಜಾಲದ ಭಂಡಾರದಲ್ಲಿರಲಿ, ಅಥವಾ ಕಲಬುರಗಿಯಲ್ಲಿಯೋ ಪುಣೆಯಲ್ಲಿಯೋ ಇರುವ ಮಗನ ಇಲ್ಲವೆ ಅಳಿಯನ ಗಣಕಯಂತ್ರದಲ್ಲಿರಲಿ.

ಪೆನ್ ಡ್ರೈವಿಗೆ ತಗಲುವ ವೆಚ್ಚವು ಒಂದು ಚೀಲ ಡಿ.ಎ.ಪಿ. ಗೊಬ್ಬರಕ್ಕಿಂತ ಕಡಿಮೆ. ಆದರೆ ಅದನ್ನು ಶಾಶ್ವತವೆಂದು ಭಾವಿಸಬಾರದು. ಅದರಲ್ಲಿ ಬರಹವು ಸೂಕ್ಷ್ಮವಾದ ವಿದ್ಯುತ್ತಿನ ರೂಪದಲ್ಲಿ ನಿಂತಿರುವುದರಿಂದ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ, ಅದರಲ್ಲಿಯೂ ನಮ್ಮ ಬೇಸಗೆಯ ತಗಡಿನ ಮಾಡಿನ ಕೆಳಗೆ ಇಟ್ಟರೆ, ಕ್ರಮೇಣ ಸೋರಿಹೋಗುವ ಸಂಭವವುಂಟು. ಕೆಲಸವಾದೊಡನೆ ಅದನ್ನು ಯಂತ್ರದಿಂದ ಕಿತ್ತಿಡತಕ್ಕದ್ದು. 2017ನೆಯ ಮೇ ತಿಂಗಳಲ್ಲಿ ವನ್ನಕ್ರೈ ಎಂಬ ಗಣಕರೋಗವು ಜಗತ್ತಿನಲ್ಲೆಲ್ಲ ಹರಡಿ, ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ರೋಗಕ್ಕೆ ಯಂತ್ರಕ್ಕೆ ಜೋಡಿಸಿಟ್ಟ ಪ್ರತಿಯೂ ಬಲಿಯಾಗುವುದು. ರೋಗ ತಗುಲಿದ ಎತ್ತಿನ ಜತೆಗೆ ಒಳ್ಳೆಯ ಎತ್ತನ್ನು ಒಂದೇ ಗೋದಲಿಗೆ ಕಟ್ಟುವುದಿಲ್ಲವಷ್ಟೆ.

ಅಂತರಜಾಲದ ಭಂಡಾರವನ್ನು ಕುರಿತು ಎರಡು ತಪ್ಪು ತಿಳಿವಳಿಕೆಗಳು ನಮ್ಮಲ್ಲಿ ಬಹಳವಾಗಿವೆ. ವಾಟ್ಸಾಪಿನಲ್ಲಿ ಒಬ್ಬರಿಗೆ ಕಳುಹಿಸಿದೊಡನೆ ಚಿತ್ರವು ಭದ್ರವಾಯಿತೆಂಬುದು ಮೊದಲನೆಯದು. ಹಾಗೆ ಕಳುಹಿಸಿದ ಚಿತ್ರವು ಕುಗ್ಗಿಹೋಗುವುದಲ್ಲದೆ, ಅದನ್ನು ತೆಗೆದ ಸ್ಥಳ ಮತ್ತು ಸಮಯದ ಗುರುತೂ ಅಳಿದುಹೋಗುವುದು. ವಿಮೆಯ ಕೆಲಸಕ್ಕೆ ಆ ಗುರುತೇ ಮುಖ್ಯ. ಕಳುಹಿಸಲೇಬೇಕಾದರೆ ಚಿತ್ರವೆಂದು ಕಳುಹಿಸದೆ ಡಾಕ್ಯುಮೆಂಟ್ ಎಂಬ ಮಾರ್ಗದಿಂದ ಕಳುಹಿಸತಕ್ಕದ್ದು. ಗೂಗಲ್ ಫೋಟೋಸ್ ಮುಂತಾದವುಗಳಲ್ಲಿ ಚಿತ್ರವು ಏರಿದ್ದರೆ ಫೋನಿನಲ್ಲಿ ಅಳಿಸಬಹುದೆಂಬುದು ಎರಡನೆಯದು. ಈ ಏರ್ಪಾಡು ಕನ್ನಡಿಯಂತಿರುವುದು. ಅದರೊಳಗೆ ನಿಂತು ಅಳಿಸಿದರೆ ಎರಡೂ ಕಡೆ ಅಳಿಯುವುದು. ಕಸದ ಬುಟ್ಟಿಯಲ್ಲಿ 60 ದಿನ ಉಳಿದು ಬಳಿಕ ಪೂರ್ತಿಯಾಗಿ ಹೋಗುವುದು. ಇದಲ್ಲದೆ ಗೂಗಲ್ ಖಾತೆಯಲ್ಲಿ ಹಣವಿಲ್ಲದೆ ದೊರೆಯುವ ಜಾಗವು 15 ಜಿ.ಬಿ. ಮಾತ್ರ. ಮದುವೆಯ ವಿಡಿಯೋಗಳಿಂದ ಅದು ತುಂಬಿದ ಮೇಲೆ ಹೊಸ ಚಿತ್ರಗಳು ಏರುವುದೇ ನಿಲ್ಲುವುದು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಆ ಸಂಸ್ಥೆಯು ಅಳಿಸಲೂಬಹುದು.

ಖಾತೆಯು ಯಾರ ಹೆಸರಿನಲ್ಲಿದೆಯೆಂಬುದನ್ನು ಸಹ ವಿಚಾರಿಸಬೇಕು. ಅಂಗಡಿಯ ಹುಡುಗನು ತನ್ನ ಫೋನಿನ ನಂಬರನ್ನು ಕೊಟ್ಟು ರೈತನಿಗೆ ಖಾತೆಯನ್ನು ತೆರೆದುಕೊಟ್ಟಿರುವ ಪ್ರಸಂಗಗಳು ಅನೇಕವಿವೆ. ಆ ಹುಡುಗನು ಊರು ಬಿಟ್ಟರೆ ಭಂಡಾರದ ಬೀಗದ ಕೈಯೂ ಅವನೊಡನೆ ಹೋಯಿತು. ಖಾತೆಯು ಮನೆಯವರ ನಂಬರಿನಲ್ಲಿಯೇ ಇರತಕ್ಕದ್ದು. ಅದರ ಗುಪ್ತಪದವನ್ನು ಮನೆಯಲ್ಲಿ ನಂಬಿಕೆಯ ಇಬ್ಬರು ಬಲ್ಲವರಾಗಿರಬೇಕು. ಯಜಮಾನನೊಬ್ಬನೇ ಬಲ್ಲವನಾಗಿದ್ದು ಅಕಸ್ಮಾತ್ತಾಗಿ ತೀರಿಕೊಂಡರೆ ಮಕ್ಕಳು ಕಾಗದಗಳಿಗಾಗಿ ಅಲೆಯಬೇಕಾಗುವುದು. ಫೋನಿಗೆ ಬರುವ ಒ.ಟಿ.ಪಿ. ಅಂಕೆಯನ್ನಾದರೋ ಕೇಳಿದವರಿಗೆ ಎಂದಿಗೂ ಹೇಳಕೂಡದು.

ಪ್ರತಿಯನ್ನು ಇಟ್ಟರಷ್ಟೇ ಸಾಲದು. ಅದು ತೆರೆಯುವುದೇ ಎಂದು ನೋಡಬೇಕು. ಬಿತ್ತನೆಗೆ ಮುಂಚೆ 100 ಕಾಳುಗಳನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತುವೆಂದು ಎಣಿಸುವಂತೆ, ಪೆನ್ ಡ್ರೈವಿನಿಂದ ನಾಲ್ಕೈದು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು, ಅಕ್ಷರಗಳು ಓದಲು ಬರುವುವೇ, ದಿನಾಂಕವು ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಕಡತಗಳಿಗೆ ಹೆಸರಿಡುವಾಗ ವರ್ಷ, ಸರ್ವೆ ನಂಬರು ಮತ್ತು ಬೆಳೆಯನ್ನು ನಮೂದಿಸಿದರೆ ಹುಡುಕುವ ಶ್ರಮವು ತಪ್ಪುವುದು.

ಗ್ರಾಮದ ಮುಖ್ಯಸ್ಥರ ಹೊಣೆಯು ತಮ್ಮ ಮನೆಯಷ್ಟಕ್ಕೇ ನಿಲ್ಲುವುದಿಲ್ಲ. ಹಾಲಿನ ಸಹಕಾರ ಸಂಘ, ರೈತ ಉತ್ಪಾದಕ ಸಂಸ್ಥೆ, ದೇವಸ್ಥಾನ ಮತ್ತು ದರ್ಗಾ ಕಮಿಟಿಗಳ ಲೆಕ್ಕಪತ್ರಗಳು ಬಹುಮಟ್ಟಿಗೆ ಒಬ್ಬ ಕಾರ್ಯದರ್ಶಿಯ ಒಂದೇ ಗಣಕಯಂತ್ರದಲ್ಲಿರುವುವು. ಇವುಗಳ ಪ್ರತಿಯೊಂದನ್ನು ತಿಂಗಳಿಗೊಮ್ಮೆ ತೆಗೆಯಿಸಿ, ನದೀತೀರದ ಗ್ರಾಮಗಳಲ್ಲಾದರೆ ನೀರು ಮುಟ್ಟದ ಬೇರೆ ಊರಿನಲ್ಲಿ ಇರಿಸುವಂತೆ ಸಭೆಯಲ್ಲಿ ಠರಾವು ಮಾಡಿಸುವುದು ಅವರ ಕೈಯಲ್ಲಿದೆ.

ವರ್ಷಕ್ಕೆ ಎರಡು ಬಾರಿಯಾದರೂ ಈ ಕೆಲಸವನ್ನು ಮಾಡತಕ್ಕದ್ದು. ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಏಕೆಂದರೆ ಆಗ ಬಿತ್ತನೆಯ ಬೀಜದ ರಸೀತಿಗಳು ಕೈಯಲ್ಲಿರುವುವು, ಹೊಳೆಗೆ ಇನ್ನೂ ನೀರು ಬಂದಿರುವುದಿಲ್ಲ. ತೊಗರಿಯ ತೂಕವಾಗಿ ಹಣ ಜಮೆಯಾದ ಮೇಲೆ ಮತ್ತೊಮ್ಮೆ. ಡಾಕ್ಯುಮೆಂಟ್ ಆಗಿ ಚಿತ್ರವನ್ನು ಕಳುಹಿಸುವ ಬಗೆಯನ್ನೂ, ಚಿತ್ರದಲ್ಲಿ ಸ್ಥಳದ ಗುರುತು ಬರುವಂತೆ ಕ್ಯಾಮೆರಾವನ್ನು ಅಳವಡಿಸುವ ಬಗೆಯನ್ನೂ ತಿಳಿಯದವರು ಮನೆಯಲ್ಲಿ ಶಾಲೆ ಕಲಿತ ಮಕ್ಕಳನ್ನು ಕೂರಿಸಿಕೊಂಡು ಒಂದು ಸಂಜೆ ಕಲಿತರೆ ಸಾಕು.