ಪ್ರಥಮ ವರ್ಷದ ಅಧ್ಯಯನ ಪ್ರವಾಸ: ಯೆಣೆಗೂರಿನ ದಾರಿ

‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸುತ್ತದೆ ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೆಲ್ಲರೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ಗೋದಾವರಿಗೂ ಇಂದಿನ ರಾಜ್ಯದ ಎಲ್ಲೆಗೂ ನಡುವೆ ಯಾವ ಊರುಗಳಿವೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಅಧ್ಯಾಪಕರು ಜೊತೆಗಿದ್ದು ನಡೆಸುವ ಅಧ್ಯಯನ ಪ್ರವಾಸವು ಅಂತಿಮ ವರ್ಷದ ಬೀಳ್ಕೊಡುಗೆಯಾಗದೆ ಮೊದಲ ವರ್ಷದಲ್ಲಿಯೇ ನಡೆಯಬೇಕೆನ್ನುವುದು ಇದಕ್ಕಾಗಿ. ಕಂಡದ್ದನ್ನು ಮುಂದೆ ಓದಿ ಅರಿಯಲು ಆಗ ಇನ್ನೂ ಕಾಲಾವಕಾಶವಿರುತ್ತದೆ.

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ನಳದುರ್ಗದ ಕೋಟೆಯನ್ನು ದಾಟಿ ಉಮರಗಾ ತಲುಪುವ ಮುನ್ನ ಯೆಣೆಗೂರ ಸಿಗುತ್ತದೆ. ಪ್ರವಾಸಿ ಬಸ್ಸುಗಳು ಇಲ್ಲಿ ಚಹಾಕ್ಕಷ್ಟೇ ನಿಲ್ಲುತ್ತವೆ. ಭಾಷೆಯ ವಿದ್ಯಾರ್ಥಿಗೆ ಕೋಟೆಗಿಂತ ಈ ನಿಲ್ದಾಣವೇ ಹೆಚ್ಚು ಕಲಿಸೀತು. ಊರಿನ ಹೆಸರಿನ ಬಾಲದಲ್ಲಿಯೇ ‘ಊರು’ ಇದೆ. ಲಾತೂರಿನಲ್ಲಿಯೂ ಅದೇ, ರಾಷ್ಟ್ರಕೂಟರ ಬಿರುದಿನ ‘ಲಟ್ಟಲೂರು’ ಅದೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸುತ್ತಲಿನ ಮರಾಠಿಯಲ್ಲಿ ‘ಅಕ್ಕಾ’, ‘ಅಣ್ಣಾ’ಗಳು ಕೇಳಿಬರುತ್ತವೆ. ಅಡಿಕೆ ಕತ್ತರಿಸುವ ಸಾಧನಕ್ಕೆ ಮರಾಠಿಗರು ‘ಅಡಕಿತ್ತಾ’ ಎನ್ನುತ್ತಾರೆ. ನಮ್ಮ ಅಡಕತ್ತರಿಯ ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಜಕೀಯ ಗಡಿ ಬಹಳ ಎಳೆಯದು. ಉದಗೀರ, ನಿಲಂಗಾ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಮನೆಮಾತು ಕನ್ನಡವಾಗಿದ್ದವರಿಗೆ ಅಂದಿನಿಂದ ಕಚೇರಿಯ ಮಾತು ಮರಾಠಿಯಾಯಿತು.

ಅದೇ ಹೆದ್ದಾರಿಯಲ್ಲಿ ಮುಂದುವರಿದರೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ. ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸ್ತ್ರೀಯೊಬ್ಬಳ ಶಿಲ್ಪವಿದೆ. ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಪ್ರಶಂಸೆ. ಅಧ್ಯಾಪಕರ ಉಪಯೋಗ ಇಲ್ಲಿ ಕಾಣುತ್ತದೆ. ಮಾರ್ಗದರ್ಶಿಯಾದವನು ‘ಸುಂದರ ಶಿಲ್ಪ’ ಎಂದು ಮುಂದೆ ನಡೆದಾನು. ಅಧ್ಯಾಪಕರಾದರೆ ಈ ಅರಸ ಶಕವರ್ಷವನ್ನು ಬದಿಗಿಟ್ಟು 1076ರಿಂದ ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದನೆಂದು ತಿಳಿಸಿ, ಶಾಸನದಲ್ಲಿ 37ನೆಯ ವರ್ಷವೆಂದಿದ್ದರೆ 1075 ಕೂಡಿಸಿ 1112 ಎಂದು ಎಣಿಸಲು ಕಲಿಸುತ್ತಾರೆ. ಆ ಲೆಕ್ಕವನ್ನು ಕಲ್ಲಿನ ಮುಂದೆ ಒಮ್ಮೆ ಮಾಡಿದವರು ಮರೆಯುವುದಿಲ್ಲ.

ಹೊರಡುವ ಮುನ್ನ ಪ್ರತಿಯೊಬ್ಬರಿಗೂ ಒಂದೊಂದು ಪ್ರಶ್ನೆ ಹಂಚಿರಬೇಕು: ಒಬ್ಬರಿಗೆ ಸ್ಥಳನಾಮ, ಒಬ್ಬರಿಗೆ ಬಂಧುವಾಚಕ, ಇನ್ನೊಬ್ಬರಿಗೆ ಬೇಸಾಯದ ಪದಗಳು. ಯೆಣೆಗೂರಿನಂಥ ಊರಿನ ಹಿರಿಯರೊಡನೆ ಮಾತಿಗೆ ಕುಳಿತಾಗ ಅವರ ಕನ್ನಡವನ್ನು ತಿದ್ದಬಾರದು, ನಗಲೂಬಾರದು. ಕೇಳಿದ ಪದವನ್ನು ಅವರ ಉಚ್ಚಾರಣೆಯಲ್ಲಿಯೇ, ಊರಿನ ಹೆಸರು ಮತ್ತು ಹೇಳಿದವರ ವಯಸ್ಸಿನೊಡನೆ, ಅಂದೇ ರಾತ್ರಿ ಬರೆದಿಡಬೇಕು. ಅವರ ಮೊಮ್ಮಕ್ಕಳು ಅದೇ ಪದವನ್ನು ಬಳಸುತ್ತಾರೆಯೇ ಎಂಬುದನ್ನು ಪಕ್ಕದಲ್ಲಿ ಗುರುತಿಸಬೇಕು.